ಚೀರವಯಲಿನ ಮೂರನೇ ವೆಡಿ

ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಏನು ಬೇಕಾದರೂ ಮಾತಾಡಿ. ಮೆಣಸಿನ ಬಳ್ಳಿಗೆ ರೋಗ ಬಂದದ್ದು, ಮಾನಂದವಾಡಿ ಬಸ್ಸು ಕೈಕೊಟ್ಟದ್ದು, ಯಾರ ಮಗಳು ಯಾರ ಜೊತೆ ಓಡಿಹೋದದ್ದು, ಎಲ್ಲಕ್ಕೂ ಕಿವಿ ಕೊಡುತ್ತೇನೆ. ಉಪ್ಪು ಖಾರ ಕಮ್ಮಿ ಬಿದ್ದರೆ ನಾನೇ ಸೇರಿಸುತ್ತೇನೆ. ಆದರೆ ಚೀರವಯಲಿನ ಕಪ್ ಫೈನಲಿನಲ್ಲಿ ನಮ್ಮವರು ಹೊಡೆದದ್ದು ಎರಡು ಗೋಲೋ ಮೂರೋ ಎಂದು ಯಾರಾದರೂ ಬಾಯಿ ತೆಗೆದರೆ, ಕುಡಿಯುತ್ತಿರುವ ಚಹಾ ಕಿತ್ತುಕೊಂಡು ಹೊರಗೆ ಕಳಿಸುತ್ತೇನೆ. ಸುಕುಮಾರನಿಗೂ ಹೀಗೆ ಮಾಡಿದ್ದೇನೆ. ಆಗ ನಮ್ಮ ಕ್ಲಬ್ಬಿನ ಸೆಕ್ರೆಟರಿಯಾಗಿದ್ದವನು ಅವನು. ಗೆದ್ದ ಕಪ್ಪು ಇಂದಿಗೂ ಅವನ ಮನೆಯಲ್ಲೇ ಇದೆ, ಅವನ ಹೆಂಡತಿ ಅದರಲ್ಲಿ ಗುಂಡಿ ಸೂಜಿ ದಾರ ಹಾಕಿಡುತ್ತಾಳೆ. ಮೊಮ್ಮಕ್ಕಳು ಬಂದರೂ ಅವನಿಗೆ ಬುದ್ಧಿ ಬಂದಿಲ್ಲ.

"ನೀವೇ ಹೇಳಿ ಗುರುಬಸಮ್ಮೇ, ರಂಡು ಗೋಳಲ್ಲವೇ? ನೀವೂ ಗದ್ದೆಯಲ್ಲೇ ಇದ್ದಿರಿ" ಎನ್ನುತ್ತಾನೆ. ರಂಡು ಎಂದರೆ ಎರಡು, ಗೋಳು ಎಂದರೆ ಗೋಲು, ಇಲ್ಲಿಯವರ ನಾಲಿಗೆ ಹಾಗೆ. ಆ ಹೊತ್ತಿಗೆ ಹಾಡಿಯ ಕಡೆಯ, ಅಂದರೆ ಕಾಡಿನವರ ಕೇರಿಯ, ಮುದುಕರು ಯಾರಾದರೂ ಬೆಲ್ಲಕ್ಕೋ ಹೊಗೆಸೊಪ್ಪಿಗೋ ಬಂದು ನಿಂತಿದ್ದರೆ, ತಲೆ ಎತ್ತದೆ, "ಮೂರು" ಎನ್ನುತ್ತಾರೆ. ಗದ್ದೆಯಲ್ಲಿದ್ದವರಿಗೆ ಎರಡು. ಗುಡ್ಡದ ಮೇಲಿದ್ದವರಿಗೆ ಮೂರು. ಇಷ್ಟು ವರ್ಷವಾದರೂ ಈ ಲೆಕ್ಕ ಹೊಂದಿಲ್ಲ.

ಈ ಎರಡು ಮೂರರ ನಡುವೆ ಸಿಕ್ಕಿಕೊಂಡು ಸವೆದವರು ನನ್ನ ಗಂಡ. ಗಂಡನ ಹೆಸರು ಹೇಳಬಾರದು ಎಂದು ನಮ್ಮವ್ವ ಕಲಿಸಿದ್ದಳು. ಅವರಿರುವ ತನಕ ನಾನು ಹೇಳಿದವಳೂ ಅಲ್ಲ. ಈಗ ಅವರಿಲ್ಲ, ಹೇಳುತ್ತೇನೆ. ನಿಂಗಯ್ಯ. ಕಬನಿ ಹೊಳೆಯ ಆಚೆ ದಡದವರು, ಹೆಗ್ಗಡದೇವನಕೋಟೆ ಕಡೆಯವರು. ಅವರಪ್ಪ ರಾಗಿ ಹೊಲಕ್ಕೆ ಬರುವ ಆನೆ ಹಂದಿಗಳನ್ನು ಓಡಿಸಲು ಮದ್ದು ಅರೆದು ಕದಿನ ಹಾರಿಸುತ್ತಿದ್ದರು. ಕದಿನ ಎಂದರೆ ಕಬ್ಬಿಣದ ಗಿಡ್ಡ ಕೊಳವೆ, ಒಳ್ಳೆ ಸೇರಿನಷ್ಟು ದಪ್ಪ. ಮದ್ದು ತುಂಬಿ, ಮೇಲೆ ಇಟ್ಟಿಗೆ ಪುಡಿ ಜಡಿದು, ಬುಡದ ತೂತಿಗೆ ಬೆಂಕಿ ಮುಟ್ಟಿಸಿದರೆ ಗುಡ್ಡ ಗುಡ್ಡಕ್ಕೂ ಕೇಳುವ ಹಾಗೆ ಸಿಡಿಯುತ್ತದೆ. ಹೊಳೆ ದಾಟಿ ಮಲಯಾಳ ಸೀಮೆಯ ಪುಲ್ಪಳ್ಳಿಯ ಕಡೆ ಬಂದಾಗ ಅಪ್ಪ ಮಗ ಹೊತ್ತು ತಂದದ್ದು ಇಂಥ ಮೂರು ಕದಿನ, ಒಂದು ಒರಳು, ಎರಡು ಕಂಬಳಿ. ನೆಲಕ್ಕೆ ಪಟ್ಟಾ ಇಲ್ಲ, ಬಾಯಿಗೆ ಮಲಯಾಳ ಇಲ್ಲ. ಹೊಸ ಕಾಡು ಕಡಿದು ಗೆಣಸು ಹಾಕಿದ್ದ ಕುಡಿಯೇರಿದವರಿಗೆ, ಅಂದರೆ ಹೊರಗಿನಿಂದ ಬಂದು ನೆಲೆ ನಿಂತವರಿಗೆ, ಆನೆಕಾಟ. ಹಾಗಾಗಿ ಕದಿನದವರಿಗೆ ಎಲ್ಲರ ಮನೆಯಲ್ಲೂ ಗಂಜಿ ಸಿಕ್ಕಿತು. ನಾನು ಮದುವೆಯಾಗಿ ಬಂದಾಗ ಅವರ ಮೈಯಿಂದ ಗಂಧಕದ ವಾಸನೆ ಬರುತ್ತಿತ್ತು. ಮೊದಲ ವಾರ ನಾನು ಮೂಗು ಮುಚ್ಚಿಕೊಂಡೇ ಅನ್ನ ಬಡಿಸಿದೆ.

ಚೀರವಯಲು ಪುಲ್ಪಳ್ಳಿಯಿಂದ ಮುಳ್ಳನ್ಕೊಲ್ಲಿಗೆ ಹೋಗುವ ದಾರಿಯ ಕೆಳಗಿತ್ತು. ವಯಲು ಎಂದರೆ ಬತ್ತದ ಗದ್ದೆ. ಎಸ್ಟೇಟಿನವರ ಗದ್ದೆ. ಕೊಯ್ಲು ಮುಗಿದು ಮಣ್ಣು ಒಣಗಿದರೆ ಕ್ಲಬ್ಬಿನವರು ಬದುಗಳನ್ನು ಕಡಿದು, ಬಿದಿರು ನೆಟ್ಟು, ಹಗ್ಗ ಸುತ್ತಿ, ಕಾಲ್ಚೆಂಡಿನ ಕಪ್ ಪಂದ್ಯ ನಡೆಸುತ್ತಿದ್ದರು. ಒಂದು ಕಡೆಗೆ ಏಳೇ ಆಳು, ಅದಕ್ಕೆ ಸೆವೆನ್ಸ್ ಎನ್ನುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವ ಹಾಗೆ, ಗೆಣಸು ತಿಂದು ಮಲಗುವ ಗಂಡಸರೆಲ್ಲ ಆ ಒಂದು ತಿಂಗಳು ಚೆಂಡಿನ ಹಿಂದೆ ಹುಚ್ಚಾಗುತ್ತಿದ್ದರು. ನಗಬೇಡಿ, ನಾನೂ ಹುಚ್ಚಿಯೇ. ಹಗ್ಗದ ಪಕ್ಕದಲ್ಲಿ ಮಜ್ಜಿಗೆ ಮಡಕೆ ಇಟ್ಟುಕೊಂಡು ಕೂರುತ್ತಿದ್ದೆ, ನೆಪಕ್ಕೆ. ನಮ್ಮವರ ಕಾಲಿಗೆ ಚೆಂಡು ಬಂದರೆ ಯಾರು ಮಜ್ಜಿಗೆ ಕುಡಿದರು, ಯಾರು ಲೋಟ ಹೊತ್ತುಕೊಂಡು ಹೋದರು, ಒಂದೂ ಗೊತ್ತಾಗುತ್ತಿರಲಿಲ್ಲ.

ನನ್ನವರ ಕೆಲಸ ಗೋಲ್ ಕಂಬದ ಹಿಂದಿನ ದಿಬ್ಬದ ಮೇಲೆ. ಮೂರು ಕದಿನಗಳನ್ನೂ ತುಂಬಿ ಸಾಲಾಗಿ ಇಟ್ಟು, ಉದ್ದನೆಯ ಸರಳಿನ ತುದಿಗೆ ಬೆಂಕಿ ಹಚ್ಚಿಕೊಂಡು ನಿಲ್ಲಬೇಕು. ನಮ್ಮವರ ಗೋಲಿಗೆ ಒಂದು ಕದಿನ. ಎದುರಾಳಿಯ ಗೋಲಿಗೆ ಏನೂ ಇಲ್ಲ, ಅವರು ಬೇಕಾದರೆ ಅವರ ಮದ್ದು ತರಲಿ. ಮಲಯಾಳದಲ್ಲಿ ಇದಕ್ಕೆ ವೆಡಿ ಎನ್ನುತ್ತಾರೆ. ಕದಿನ ಸಿಡಿದರೂ ವೆಡಿ, ಕೋವಿ ಹಾರಿದರೂ ವೆಡಿ, ಒಂದೇ ಮಾತು. ನಮ್ಮಲ್ಲಿ ಹಾಗಲ್ಲ. ಕದಿನ ಕದಿನವೇ, ಕೋವಿಯದು ಈಡು. ಈ ಮಾತು ನೆನಪಿಟ್ಟುಕೊಳ್ಳಿ, ನನ್ನವರ ಬಾಳು ಕೆಟ್ಟದ್ದು ಇದರಿಂದಲೇ.

ಗದ್ದೆಯ ಎದುರಿಗೆ ಒಂದು ಗುಡ್ಡ. ಎಲ್ಲರೂ ಕುನ್ನು ಎಂದೇ ಕರೆಯುವುದು. ಎಸ್ಟೇಟಿನಲ್ಲಿ ಕೂಲಿ ಮಾಡುವ ಹಾಡಿಯ ಜನ, ಕನ್ನಡ ಮಲಯಾಳ ಬೆರೆಸಿ ಆಡುವ ಕಾಡಿನವರು, ಹಗ್ಗದ ಒಳಗೆ ಬರುತ್ತಿರಲಿಲ್ಲ. ಬರಬೇಡಿ ಎಂದು ಯಾರೂ ಬರೆದು ಹಾಕಿರಲಿಲ್ಲ. ಆದರೆ ಎಸ್ಟೇಟಿನ ರೈಟರು, ಅವರ ಕೂಲಿ ನೋಡಿಕೊಳ್ಳುವವನು, ಮುಂದಿನ ಬೆಂಚಿನಲ್ಲೇ ಕೂತಿರುತ್ತಿದ್ದ. ಅವನ ಕಣ್ಣಿಗೆ ಬಿದ್ದವರಿಗೆ ಮರುದಿನ ಕೂಲಿ ಬತ್ತ ಅಳೆಯುವಾಗ ಸೇರು ಕುಗ್ಗುತ್ತಿತ್ತು. ಅದಕ್ಕೆ ಅವರು ಕುನ್ನಿನ ಮೇಲೆ ಕೂರುತ್ತಿದ್ದರು. ನಡುವೆ ಬಿದಿರ ಮೆಳೆ, ಮೇಲೆ ಧೂಳು. ಚೆಂಡು ಕಾಣುತ್ತಿರಲಿಲ್ಲ, ಬಣ್ಣಗಳು ಓಡುವುದಷ್ಟೇ ಕಾಣುತ್ತಿತ್ತು. ನನ್ನವರ ವೆಡಿಯೇ ಅವರಿಗೆ ಕಣ್ಣು. ವೆಡಿ ಕೇಳಿದರೆ ಗೋಲು, ಎದ್ದು ಕೂಗಿ ಕುಣಿಯುವುದು.

ಅವರಿಗೆ ಅಷ್ಟು ಉಮೇದು ಯಾಕೆಂದರೆ ನಮ್ಮ ಟೀಮಿನ ಎಡಗಡೆಗೆ ಆಡುತ್ತಿದ್ದವನು ಅವರ ಹುಡುಗ. ಕಣ್ಣನ್. ಚಾತಿ ಎಂಬ ವಿಧವೆಯ ಒಬ್ಬನೇ ಮಗ. ಬೂಟು ಕೊಟ್ಟರೆ ಹಾಕುತ್ತಿರಲಿಲ್ಲ, ಬರಿಗಾಲು. ಚೆಂಡು ಅವನ ಕಾಲಿಗೆ ಬಂದರೆ ಎದುರಿನವರು ಚೆಂಡು ಬಿಟ್ಟು ಅವನ ಮುಖ ನೋಡುತ್ತಿದ್ದರು, ಎಲ್ಲಿಗೆ ಹೋಗುತ್ತಾನೆ ಎಂದು. ನಾಚಿಕೆಯ ಹುಡುಗ. ನನ್ನ ಹತ್ತಿರ ಮಜ್ಜಿಗೆ ಕುಡಿದು, "ಚೆಂದಾಗೈತೆ ಅಮ್ಮ" ಎಂದು ಓಡಿಬಿಡುತ್ತಿದ್ದ.

ಆ ಕಾಲ ನಿಮಗೆ ಹೇಗೆ ಹೇಳಲಿ. ಗೋಡೆಗಳ ಮೇಲೆ ರಾತ್ರೋರಾತ್ರಿ ಕೆಂಪು ಬರಹ. ಭೂಮಿ ಉಳುವವನಿಗೇ ಎಂದು ಕೂಗಿಕೊಂಡು ಒಂದು ದಿನ ಹಾಡಿಯವರು ಎಸ್ಟೇಟಿನ ಕಣಕ್ಕೆ ನುಗ್ಗಿ, ಬತ್ತವನ್ನು ಸಮನಾಗಿ ಅಳೆದು ಹಂಚಿಕೊಂಡರು. ಮುಂದೆ ನಿಂತು ಅಳೆದವನು ಕಣ್ಣನ್. ಅಷ್ಟೇ ಅವನು ಮಾಡಿದ್ದು, ಬತ್ತ ಅಳೆದದ್ದು. ಅದಾದ ಮೇಲೆ ಗದ್ದೆಯಂಚಿನ ಎಸ್ಟೇಟಿನ ಕಾಫಿ ಗೋದಾಮಿನಲ್ಲಿ ಪೊಲೀಸರು ಬಂದು ಇಳಿದರು. ಕಣ್ಣನ್ ಕಾಡು ಸೇರಿದ. ನಕ್ಸಲ್ ಎಂದರು. ನಮ್ಮಂಥ ಪಟ್ಟಾ ಇಲ್ಲದ ಕನ್ನಡದವರು ಬಾಯಿಗೆ ಬೀಗ ಹಾಕಿಕೊಂಡು ಕೂತೆವು. ಆಡಿದರೆ ಹೊಳೆ ದಾಟಿಸಿ ಓಡಿಸಿಬಿಟ್ಟರೆ?

ಆ ವರ್ಷದ ಫೈನಲಿಗೆ ಕಣ್ಣನ್ ಬರುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು. ಬಂದ. ಆಟ ಶುರುವಾಗುವ ಹೊತ್ತಿಗೆ ತೊರೆಯ ಕಡೆಯಿಂದ ಚಡ್ಡಿ ಬನಿಯನ್ನಿನಲ್ಲಿ ನಡೆದು ಬಂದು ಸಾಲಿನಲ್ಲಿ ನಿಂತ. ಸುಕುಮಾರನ್ ಬೆವರಿಹೋದ. "ಎಂದಿನಾಡಾ ವನ್ನೇ? ಯಾಕೋ ಬಂದೆ?" ಎಂದು ಎರಡು ಭಾಷೆಯಲ್ಲೂ ಬೈದ. ಕಣ್ಣನ್ ನಕ್ಕು, "ಕಪ್ ಅಲ್ಲವಾ ಸುಕುಮಾರೇಟ್ಟಾ" ಎಂದ. ಅಷ್ಟು ಜನರ ಮಧ್ಯೆ ಮುಟ್ಟುವುದಿಲ್ಲ ಎಂದು ಅವನಿಗೆ ಧೈರ್ಯ. ನಮಗೂ ಹಾಗೇ ಅನ್ನಿಸಿತು. ದಡ್ಡರು ನಾವೆಲ್ಲ.

ಮೊದಲ ಗೋಲು ಅವನದೇ. ಎಡಗಡೆಯಿಂದ ಇಬ್ಬರನ್ನು ದಾಟಿ ಬಂದು, ನನ್ನವರು ನಿಂತಿದ್ದ ದಿಬ್ಬದ ಕಡೆಯ ಕಂಬಗಳ ನಡುವೆಯೇ ಹೊಡೆದ. ಮೊದಲ ಕದಿನ ಹಾರಿತು. ಗದ್ದೆಯಲ್ಲಿ ಗಂಡಸರು ಒಬ್ಬರ ಮೇಲೊಬ್ಬರು ಬಿದ್ದರು. ನನ್ನ ಮಡಕೆ ಉರುಳಿಹೋಯಿತು, ನಾನು ಅದರ ಕಡೆ ನೋಡಲೂ ಇಲ್ಲ.

ಹಾಫ್ ಟೈಮಿನಲ್ಲಿ ಅವನು ಮುಖ ತೊಳೆಯಲು ಗೋದಾಮಿನ ಹಿಂದಿನ ತೊರೆಗೆ ಹೋದ, ಹತ್ತಿರದಲ್ಲಿ ನೀರು ಇದ್ದದ್ದು ಅಲ್ಲೇ. ವಾಪಸ್ ಬರಲಿಲ್ಲ. ಪೊಲೀಸರ ವಾಸನೆ ಹಿಡಿದು ಕಾಡಿಗೆ ಜಾರಿಕೊಂಡ ಎಂದುಕೊಂಡೆವು. ಒಳ್ಳೆಯದೇ ಆಯಿತು ಎಂದು ಸುಕುಮಾರನ್ ಆರೇ ಜನರನ್ನು ಆಡಿಸಿದ. ನಮ್ಮ ಟೀಮಿನ ಬಾಲನ್ ಎರಡನೇ ಗೋಲು ಹೊಡೆದ, ಎರಡನೇ ಕದಿನ ಹಾರಿತು, ಕುನ್ನಿನ ಮೇಲಿನಿಂದ ಕೂಗು ಬಂತು.

ಆಮೇಲೆ ಚೆಂಡು ಗದ್ದೆಯ ನಡುವೆ ಇದ್ದಾಗ, ಯಾರೂ ಯಾವ ಕಂಬದ ಹತ್ತಿರವೂ ಇಲ್ಲದಿದ್ದಾಗ, ಢಮ್ ಎಂದಿತು.

ಎಲ್ಲರೂ ನನ್ನವರ ಕಡೆ ತಿರುಗಿದರು. "ನಿಂಗಯ್ಯೋ, ಗೋಳಿಲ್ಲದೆ ಎಂದಿನಾ ವೆಡಿ? ಯಾಕೆ ಹಾರಿಸಿದೆ?" ಎಂದು ಸುಕುಮಾರನ್ ಗದರಿದ. ಜನ ನಕ್ಕರು. ನಾನು ಅವರಿಂದ ಹತ್ತೇ ಮಾರು ದೂರದಲ್ಲಿದ್ದೆ. ಅವರ ಕೈಯಲ್ಲಿ ಸರಳು ಇತ್ತು, ತುದಿಯಲ್ಲಿ ಬೆಂಕಿ ಇತ್ತು, ಮೂರನೇ ಕದಿನ ಎದುರಿಗೆ ತುಂಬಿದ ಹಾಗೇ ಕೂತಿತ್ತು. ಸದ್ದು ಬಂದದ್ದು ಗೋದಾಮಿನ ಹಿಂದಿನಿಂದ. ಅವರಿಗೆ ಗೊತ್ತಾಯಿತು. ನನಗೂ ಗೊತ್ತಾಯಿತು. ಮದ್ದಿನವನ ಹೆಂಡತಿಗೆ ಈಡು ಯಾವುದು ಕದಿನ ಯಾವುದು ಗೊತ್ತಾಗದೆ ಇರುತ್ತದೆಯೇ?

ಅಷ್ಟರಲ್ಲಿ ಕುನ್ನಿನ ಮೇಲೆ ಕೂಗು ಎದ್ದಿತು. ಅಂಥ ಕೂಗು ನಾನು ಮುಂಚೆ ಕೇಳಿರಲಿಲ್ಲ. "ಗೋಳ್! ಗೋಳ್!" ಎಂದು ಹಾಡಿಗೆ ಹಾಡಿಯೇ ಎದ್ದು, ತಮಟೆ ಬಡಿದು, ಬಿದಿರ ಮೆಳೆಯ ಹಿಂದೆ ಕುಣಿಯಿತು. ಮುಂದಿನ ಬೆಂಚಿನಲ್ಲಿ ರೈಟರ ಪಕ್ಕ ಕೂತಿದ್ದ ಇಬ್ಬರು ಅಪರಿಚಿತರು ನನ್ನವರನ್ನೇ ನೋಡುತ್ತಿದ್ದರು. ನನ್ನವರು ಹೆಗಲ ಟವೆಲ್ಲು ತೆಗೆದು, ತುಂಬಿದ್ದು ಕಾಣದ ಹಾಗೆ, ಮೂರನೇ ಕದಿನದ ಬಾಯಿಯ ಮೇಲೆ ಹಾಕಿದರು. ಯಾಕೆ ಹಾಗೆ ಮಾಡಿದಿರಿ ಎಂದು ಆಮೇಲೆ ನಾನು ಎಷ್ಟು ಕೇಳಿದರೂ, "ಕೈ ಮಾಡಿಬುಡ್ತು" ಎಂದರೇ ಹೊರತು ಬೇರೆ ಉತ್ತರ ಬರಲಿಲ್ಲ.

ಕಪ್ಪು ನಮಗೇ ಬಂತು. ಮರುದಿನ ಬೆಳಿಗ್ಗೆ ಕಾಡಿನಂಚಿನಲ್ಲಿ ಪೊಲೀಸರು ಕಣ್ಣನನ್ನು ಮಲಗಿಸಿ ತೋರಿಸಿದರು. ಪಕ್ಕದಲ್ಲಿ ಒಂದು ನಾಡಕೋವಿ. ರಾತ್ರಿ ಕಾಡಿನಲ್ಲಿ ಎದುರುಬದುರು ಗುಂಡು ಹಾರಿಸುವಾಗ ಸತ್ತ ಎಂದರು. ಮೈಮೇಲೆ ಆಟದ ಚಡ್ಡಿ, ಪಾದದಲ್ಲಿ ಚೀರವಯಲಿನ ಮಣ್ಣು.

ಚಾತಿ ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಳುತ್ತಿದ್ದಳು. ಮಗನನ್ನು ಅವಳು ಮೋನ್ ಎಂದೇ ಕರೆಯುತ್ತಿದ್ದಳು. ಅಳುವಿನ ನಡುವೆ ನನ್ನವರನ್ನು ಕಂಡು ಕೈ ಹಿಡಿದುಕೊಂಡಳು. "ನಿಂಗಣ್ಣಾ, ನನ್ನ ಮೋನ್‌ನ ಮೂರನೇ ಗೋಳಿಗೆ ನೀನು ಹಾರಿಸಿದೆಯಲ್ಲಾ, ಅದು ನಾನು ಕೇಳ್ದೆ. ಕೇಳಿ ಕುಣಿದೆ. ಗೋಳು ಹೊಡ್ದೇ ಕಾಡಿಗೆ ಓಡೋಗವ್ನೆ ನನ್ನ ಮೋನ್. ಅವ್ನು ಗೆದ್ದೇ ಹೋದ, ಅಲ್ವಾ ನಿಂಗಣ್ಣಾ?"

ಏನು ಹೇಳಬೇಕು? ಅದು ಗೋಲಲ್ಲ, ನಿನ್ನ ಮಗನ ಎದೆಗೆ ಬಿದ್ದ ಈಡು, ಅದಕ್ಕೇ ನೀನು ಕುಣಿದದ್ದು ಎಂದು ಹೇಳಬೇಕೇ? ನನ್ನವರು, "ಹೂಂ ಚಾತಿ" ಎಂದರು. ಅಲ್ಲಿದ್ದವರೆಲ್ಲ ನೆಲ ನೋಡಿದರು.

ಕೆಲವು ತಿಂಗಳ ಮೇಲೆ ಊರಲ್ಲಿ ಗುಸುಗುಸು ಜಾಸ್ತಿಯಾಗಿ, ಮೇಲಿನಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದ. ಶಾಲೆಯ ಜಗಲಿಯಲ್ಲಿ ಮೇಜು ಹಾಕಿದರು. ಆಟದ ಹೊತ್ತಿನಲ್ಲಿ ಗೋದಾಮಿನ ಹಿಂದೆ ಕೋವಿಯ ಸದ್ದು ಕೇಳಿತು ಎಂದು ಯಾರೋ ಹೇಳಿದ್ದರಂತೆ. ಅದು ನಿಜವಾದರೆ ರಾತ್ರಿಯ ಕಥೆ ಸುಳ್ಳು. ಹಾಗಾಗಿ ಕದಿನದವನನ್ನು ಕರೆಸಿದರು. ಊರು ಕೇಳಿದ್ದು ಮೂರು ಸದ್ದು, ಅದರಲ್ಲಿ ಕದಿನ ಎಷ್ಟು ಎಂಬ ಒಂದು ಉತ್ತರದ ಮೇಲೆ ಎಲ್ಲ ನಿಂತಿತ್ತು. ನಾನು ಮನೆಯಲ್ಲೇ ಹೇಳಿದ್ದೆ, "ಎರಡು ಅನ್ನಿ. ಆಮೇಲೆ ಬಂದದ್ದು ಬರಲಿ, ಹೊಳೆ ದಾಟಿಸಿದರೆ ದಾಟೋಣ." ಅವರೂ ತಲೆ ಆಡಿಸಿಯೇ ಹೊರಟಿದ್ದರು.

ನಾನೂ ಜೊತೆಗೆ ಹೋದೆ. ಅಲ್ಲಿ ನೋಡಿದರೆ ಬಾಗಿಲ ಬಳಿ ಎಸ್ಟೇಟಿನ ರೈಟರು. ಅವನ ಪಕ್ಕದಲ್ಲಿ ಆಟದ ದಿನ ಬೆಂಚಿನಲ್ಲಿದ್ದ ಅದೇ ಇಬ್ಬರು, ಈ ಸಲ ಖಾಕಿಯಲ್ಲಿ. ಜಗಲಿಯ ಕಂಬಕ್ಕೆ ಒರಗಿ ಚಾತಿ ಕೂತಿದ್ದಳು. ಮಗನ ಬಗ್ಗೆ ದೊಡ್ಡವರು ಮಾತಾಡುತ್ತಾರೆ ಎಂದು ಮಿಂದು, ತಲೆ ಬಾಚಿಕೊಂಡು ಬಂದಿದ್ದಳು.

ಅಧಿಕಾರಿ ಮಲಯಾಳದಲ್ಲಿ ಕೇಳಿದ, "ಎತ್ರ ವೆಡಿ?" ಎಷ್ಟು ವೆಡಿ?

ನನ್ನವರು ಖಾಕಿಯ ಕಡೆ ನೋಡಿದರು. ಚಾತಿಯ ಕಡೆ ನೋಡಿದರು. ನನ್ನ ಕಡೆ ನೋಡಲಿಲ್ಲ. "ಮೂನ್ನು ವೆಡಿ ಪೊಟ್ಟಿ, ಸಾರೇ" ಎಂದರು. ಮೂರು ವೆಡಿ ಸಿಡಿದವು.

ಅಷ್ಟೇ. ಅಧಿಕಾರಿ ಬರೆದುಕೊಂಡು ಪೆನ್ನಿನ ಮುಚ್ಚಳ ಹಾಕಿದ. ಚಾತಿ ಸುತ್ತ ಇದ್ದವರಿಗೆಲ್ಲ, "ಕೇಳಿದ್ರಾ, ಮೂರು" ಎಂದಳು.

ದಾರಿಯಲ್ಲಿ ನಾನು ಸುಮ್ಮನೆ ಬರುವ ಹೆಂಗಸೇ? "ಥೂ ನಿಮ್ಮ! ಎಂಥಾ ಸುಳ್ಳು ಹೇಳಿಬಿಟ್ಟಿರಿ!" ಎಂದೆ.

"ಸುಳ್ಳಲ್ಲ ಕಣಮ್ಮಿ. ಅವರು ವೆಡಿ ಎಷ್ಟು ಅಂದ್ರು. ವೆಡಿ ಮೂರೇ ಅಲ್ವಾ?"

"ಓಹೋ! ಹಾಗಾದರೆ ಈಗ ನಾನು ಕನ್ನಡದಲ್ಲಿ ಕೇಳುತ್ತೇನೆ. ಕದಿನ ಎಷ್ಟು ಹಾರಿಸಿದಿರಿ? ಹೇಳಿ ನೋಡೋಣ."

ಅವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದರು. ಆಮೇಲೆ ಎಷ್ಟೋ ವರ್ಷ ಆ ಪ್ರಶ್ನೆಗೆ ಅವರು ಉತ್ತರ ಕೊಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವರು ಮದ್ದು ಅರೆಯುವುದನ್ನು ಬಿಟ್ಟರು. ಎರಡು ಕದಿನಗಳನ್ನು ಗುಜರಿಯವನಿಗೆ ಕೊಟ್ಟರು. ಮೂರನೆಯದನ್ನು, ತುಂಬಿದ್ದನ್ನು ತುಂಬಿದ ಹಾಗೇ, ಗೋಣಿಯಲ್ಲಿ ಸುತ್ತಿ ಬತ್ತದ ಪೆಟ್ಟಿಗೆಯ ಹಿಂದೆ ಇಟ್ಟರು. ಹಾರಿಸಲೂ ಇಲ್ಲ, ಬರಿದು ಮಾಡಲೂ ಇಲ್ಲ. ಮನೆಯೊಳಗೆ ಮದ್ದು ಇಟ್ಟುಕೊಂಡು ಸಂಸಾರ ಮಾಡಿದವಳು ನಾನು. ಒಲೆಯ ಕಿಡಿ ಹಾರಿದರೆ ನನ್ನ ಜೀವ ಹಾರುತ್ತಿತ್ತು. ಎಷ್ಟು ಬೈದರೂ ಅವರು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಪುಲ್ಪಳ್ಳಿಯಲ್ಲಿ ಈ ಅಂಗಡಿ ಇಟ್ಟೆವು, ಸಾಮಾನು ಕಟ್ಟುವುದಕ್ಕೆ ಅವರು, ಮಾತಾಡುವುದಕ್ಕೆ ನಾನು. ಹಬ್ಬದಲ್ಲಿ ಎಲ್ಲೋ ಪಟಾಕಿ ಹೊಡೆದರೆ ಅವರು ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟು, ಹೆಗಲ ಮೇಲೆ ಟವೆಲ್ಲು ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅದನ್ನು ನೋಡಿ ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಅಳು ಬರುತ್ತಿತ್ತು.

ಚೀರವಯಲಿನಲ್ಲಿ ಮತ್ತೆ ಕಪ್ ನಡೆಯಲಿಲ್ಲ. ಎಸ್ಟೇಟಿನವರು ಬೇಲಿ ಹಾಕಿದರು, ಆಮೇಲೆ ತುಂಡು ತುಂಡಾಗಿ ಯಾರ್ಯಾರಿಗೋ ಹೋಯಿತು, ಬಾಳೆ ಬಂತು, ಶುಂಠಿ ಬಂತು. ಆದರೆ ಪ್ರತಿ ವರ್ಷ ಕಪ್ಪಿನ ದಿನ ಬಂದರೆ ಚಾತಿ ತಪ್ಪದೆ ನಮ್ಮ ಬಾಗಿಲಿಗೆ ಬರುತ್ತಿದ್ದಳು, ಸೀಸೆಯಲ್ಲಿ ಜೇನು ಹಿಡಿದುಕೊಂಡು.

"ಮೂರನೇ ಗೋಳಿಗೆ, ನಿಂಗಣ್ಣಾ."

ಮಗನ ಗೋಲಿಗೆ ಮದ್ದು ಹಾರಿಸಿದವನಿಗೆ ಕಾಡಿನ ಜೇನು. ಅದು ಅವಳ ಲೆಕ್ಕದಲ್ಲಿ ಮರ್ಯಾದೆ. ನನ್ನವರು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದರು, ಒಂದು ಹನಿಯೂ ಬಾಯಿಗೆ ಇಡುತ್ತಿರಲಿಲ್ಲ. ಬಿಸಿ ತುಪ್ಪದ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಎಸೆಯಲು ನನಗೆ ಮನಸ್ಸು ಬರುತ್ತಿರಲಿಲ್ಲ. ಬಾಣಂತಿಯರಿಗೆ, ಕೆಮ್ಮಿನ ಮಕ್ಕಳಿಗೆ ಕೊಟ್ಟು ಮುಗಿಸುತ್ತಿದ್ದೆ. ಕೂತ ಚಾತಿಯದು ಪ್ರತಿ ಸಲ ಅದೇ ಮಾತು. ಮೂರನೇದು ಹೇಗೆ ಕೇಳಿತು, ಹೇಗೆ ಎದ್ದಳು, ಹೇಗೆ ಕುಣಿದಳು. ಕುಣಿದು ತ್ರಾಣವಿಲ್ಲದೆ ಬಿದ್ದಳಂತೆ. ನನ್ನವರು ಗೋಡೆ ನೋಡುತ್ತಾ ಕೇಳುತ್ತಿದ್ದರು.

ಹೀಗೇ ಎಲ್ಲರ ತಲೆ ನರೆಯಿತು. ಒಂದು ವರ್ಷ ಅವಳು ಕೋಲೂರಿಕೊಂಡು ಬಂದಳು, ಕಣ್ಣಿಗೆ ಪೊರೆ. ಜೇನು ಕೊಟ್ಟು ಹೇಳಿದಳು, "ಇನ್ಮ್ಯಾಕೆ ನಂಗೆ ಬರಕ್ಕಾಗಕಿಲ್ಲ ನಿಂಗಣ್ಣಾ. ಹಾಡಿ ಮಕ್ಕಳಿಗೆ ಹೇಳಿವ್ನಿ, ನಾನು ಹೋದ್ಮೇಲೆ ಅವು ತಂದ್ಕೊಡ್ತವೆ. ಮೂರನೇ ಗೋಳಿನ ಕತೆ ಎಲ್ಲಕ್ಕೂ ಬಾಯಿಪಾಠ. ಕುನ್ನಿನ ಮ್ಯಾಲೆ ನಾನು ಕುಣಿದಂಗೇ ಕುಣೀತವೆ."

ನನ್ನವರು ಎದ್ದುನಿಂತರು. ಬತ್ತದ ಪೆಟ್ಟಿಗೆಯ ಹಿಂದೆ ಕೈ ಹಾಕಿ ಗೋಣಿಗಂಟು ಎಳೆದರು. ನಾನು, "ರೀ, ಬೇಡ" ಎಂದೆ. ಅವರು ಬಿಚ್ಚಿ ಕದಿನವನ್ನು ಅವಳ ಮಡಿಲಲ್ಲಿ ಇಟ್ಟರು.

"ಬಾಯಿ ಮುಟ್ಟಿ ನೋಡು ಚಾತಿ."

ಅವಳು ಬೆರಳಾಡಿಸಿದಳು. "ತುಂಬೈತೆ."

"ಇಟ್ಟಿಗೆ ಪುಡಿ ಜಡಿದದ್ದು ಹಂಗೇ ಐತೆ. ಇದು ಆವತ್ತಿನ ಮೂರನೇದು. ನಾನು ಹಾರಿಸಲೇ ಇಲ್ಲ. ನಾನು ಹಾರಿಸಿದ್ದು ಎರಡು ಕದಿನ."

ಕೊನೆಗೂ ಕನ್ನಡದಲ್ಲಿ ಹೇಳಿದರು. ಚಾತಿಯ ಬೆರಳು ಕದಿನದ ಬಾಯಿಯ ಮೇಲೇ ಇತ್ತು. ಹೊರಗೆ ಯಾರೋ ಸಕ್ಕರೆ ಕೇಳಿದರು, ಅಂಗಡಿ ಮುಚ್ಚಿದೆ ಎಂದು ನಾನು ಕಿರುಚಿದೆ.

"ಹಂಗಾದ್ರೆ ನಾನು ಕೇಳಿದ್ದು?"

"ಈಡು."

"ನನ್ನ ಮೋನ್‌ಗೆ?"

"ಹೂಂ."

"ಅವ್ನು ಹೊಡೆದ ಗೋಳು ಯಾವುದು ಮತ್ತೆ?"

"ಮೊದಲನೇದು."

ನನಗೆ ತಡೆಯಲಾಗಲಿಲ್ಲ. ಓಡಿಹೋಗಿ ಅವಳ ಪಕ್ಕ ಕೂತೆ. "ಅದಕ್ಕೂ ಕುಣಿದೆಯಲ್ಲ ಚಾತಿ! ಮೊದಲನೇದು ಹಾರಿದಾಗ ಎಲ್ಲರಿಗಿಂತ ಮುಂಚೆ ಎದ್ದವಳು ನೀನೇ. ನಾನು ಕೆಳಗಿನಿಂದ ಕಣ್ಣಾರೆ ಕಂಡೆ, ದೇವರಾಣೆ!" ಬಿದಿರ ಮೆಳೆಯ ಹಿಂದೆ ಯಾರು ಎದ್ದರು ಯಾರು ಕೂತರು ನನಗೆ ಎಲ್ಲಿ ಕಾಣಬೇಕು? ಆದರೂ ಆಣೆ ಇಟ್ಟೆ.

"ಸುಳ್ಳಾಡಬ್ಯಾಡ ಅಮ್ಮ" ಎಂದಳು ಚಾತಿ. ಕೋಪವಿರಲಿಲ್ಲ. "ಆವಾಗ ನಾನು ಕುನ್ನಿನ ಮ್ಯಾಲೆ ಇರಲಿಲ್ಲ. ಕಾಪಿ ಕುಯ್ಲು. ತೂಕ ಆಗೋಗಂಟ ಬಿಡಕಿಲ್ಲ ಅಂತ ನಿಲ್ಸಿದ್ರು. ತೋಟದಾಗೇ ಕೇಳ್ತು ಮೊದಲ್ನೇದು. ಕುಕ್ಕೆ ಹೊತ್ಕೊಂಡು ಸಾಲಾಗೆ ನಿಂತಿದ್ದೆ, ಎದುರಿಗೆ ತಕ್ಕಡಿಯವ್ನು. ಬಾಯಿ ಬಿಡಲಿಲ್ಲ ನಾನು. ಕೂಗು ಇಲ್ಲಿಗಂಟ ಬಂತು, ನುಂಗಿಬುಟ್ಟೆ." ಗಂಟಲು ಮುಟ್ಟಿ ತೋರಿಸಿದಳು. "ಬುಡ್ತಿದ್ದಂಗೇ ಓಡೋದೆ. ನಾನು ಕೂಗಿದ್ದು ಎರಡ್ನೇದಕ್ಕೆ. ಕುಣಿದಿದ್ದು ಮೂರ್ನೇದಕ್ಕೆ."

ಅವಳು ಕದಿನವನ್ನು ಮಡಿಲಿನಿಂದ ಕೆಳಗಿಟ್ಟಳು. ಕೋಲು ಹುಡುಕಿಕೊಂಡು ಎದ್ದಳು. ಜೇನಿನ ಸೀಸೆಯನ್ನು ತಡಕಿ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡು ಹೊರಟುಹೋದಳು.

ಮರುದಿನ ನನ್ನವರು ಕದಿನವನ್ನು ಚೀಲಕ್ಕೆ ಹಾಕಿಕೊಂಡು, ಪೊಲೀಸ್ ಆಫೀಸಿಗೆ ಎಂದು ಮಾನಂದವಾಡಿ ಬಸ್ಸು ಹತ್ತಿದರು. ನನ್ನನ್ನು ಬರಬೇಡ ಎಂದರು. ಸಂಜೆ ವಾಪಸ್ ಬಂದಾಗ ಮುಖ ಬೂದಿಯಾಗಿತ್ತು.

"ಹೇಳಿದಿರಾ?"

"ಹೇಳ್ದೆ. ಎರಡು ಕದಿನ, ಒಂದು ತೋಕು ಅಂತ ಬಿಡಿಸಿ ಬಿಡಿಸಿ ಹೇಳ್ದೆ. ವೆಡಿ ಅನ್ನೋ ಮಾತೇ ತರಲಿಲ್ಲ." ತೋಕು ಎಂದರೆ ಮಲಯಾಳದಲ್ಲಿ ಕೋವಿ.

"ಅವರೇನಂದರು?"

"ಯಾವ ಕಾಲದ ಮಾತು ಅಜ್ಜಾ ಅಂದ್ರು. ಅಂಥ ಫೈಲು ಇಲ್ಲವಂತೆ. ಒಳ್ಳೆ ಹುಡುಗ್ರು, ಚಾ ಕೊಡ್ಸಿದ್ರು."

ನಾನು ಬೈಯಲು ಬಾಯಿ ತೆರೆದೆ. ಯಾರನ್ನು ಬೈಯಬೇಕು ಎಂದು ಗೊತ್ತಾಗಲಿಲ್ಲ.

ಅವರು ಆ ದಿನ ಉಣ್ಣಲಿಲ್ಲ. ಬೆಳಿಗ್ಗೆ ಎದ್ದು ಅಂಗಳದಲ್ಲಿ ಕೂತು, ಮರದ ಗೂಟದಿಂದ ಕದಿನದ ಬಾಯನ್ನು ಕೊರೆಯತೊಡಗಿದರು. "ಕೈ ಹಾರಿಹೋದರೆ ಯಾರು ನಿಮಗೆ ತುತ್ತು ಕೊಡೋರು!" ಎಂದು ಕೂಗಾಡಿದೆ. ಕೇಳಲಿಲ್ಲ. ಗಟ್ಟಿಯಾಗಿದ್ದ ಮದ್ದನ್ನು ಚೂರು ಚೂರು ತೆಗೆದು ಮೊರದಲ್ಲಿ ಹರವಿ ಬಿಸಿಲಿಗೆ ಇಟ್ಟರು, ಹಪ್ಪಳ ಕಾಯುವ ಹಾಗೆ ಕಾದರು. ಮೂರು ದಿನ ಒಣಗಿಸಿ, ಮತ್ತೆ ಅರೆದು, ಮತ್ತೆ ತುಂಬಿದರು. ಆ ದಿನಗಳಲ್ಲಿ ಅವರ ಮೈಯಿಂದ ಮತ್ತೆ ಗಂಧಕದ ವಾಸನೆ ಬಂತು. ಮೂಗು ಮುಚ್ಚಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಚೀರವಯಲಿಗೆ ಹೋದೆವು. ಎಲ್ಲ ಬಾಳೆ. ದಿಬ್ಬ ಮಾತ್ರ ಅಲ್ಲೇ ಇತ್ತು. ವಿಷಯ ಹೇಗೋ ತಿಳಿದು ಸುಕುಮಾರನೂ ಬಂದಿದ್ದ. ಗೋಲ್ ಕಂಬ ಇದ್ದ ಜಾಗದಲ್ಲಿ, ಎರಡು ಬಾಳೆಯ ನಡುವೆ, ನಿಂತಿದ್ದ.

"ಇದು ಎತ್ರಾಮತ್ತೆ ಗೋಳಿಗೆ, ನಿಂಗಯ್ಯಾ?" ಎಂದು ಕೇಳಿದ. ಎಷ್ಟನೇ ಗೋಲಿಗೆ?

"ಮೊದಲನೇದಕ್ಕೆ" ಎಂದರು ನನ್ನವರು.

ಸರಳಿನ ತುದಿ ತಾಗಿಸಿದರು. ಹಳೆಯ ಮದ್ದು, ಹಾರುತ್ತದೋ ಇಲ್ಲವೋ ಎಂದು ನಾನು ಕಿವಿ ಮುಚ್ಚದೆ ನಿಂತಿದ್ದೆ. ಹಾರಿತು. ನೆಲ ಅದುರಿತು, ಬಾಳೆ ಎಲೆಗಳು ನಡುಗಿದವು, ಕಾಗೆಗಳೆಲ್ಲ ಎದ್ದವು. ಸದ್ದು ಕುನ್ನಿಗೆ ಹೋಗಿ ಬಡಿದು ವಾಪಸ್ ಬಂತು. ಹೊಗೆ ಇಳಿಯಿತು. ಏನೂ ಕೇಳಲಿಲ್ಲ. ಸುಕುಮಾರನ್ ತಲೆಯ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಇನ್ನು ಹೋಗೋಣ ರೀ ಎಂದು ನಾನು ಅವರ ತೋಳು ಮುಟ್ಟಿದೆ.

ಆಗ ಕುನ್ನಿನ ಕಡೆಯಿಂದ ಕೂಗು ಬಂತು. ಒಂದೇ ಗಂಟಲು, ಮುದುಕಿಯ ಗಂಟಲು. ಗೋಳ್ ಎಂದಲ್ಲ.

"ಕಣ್ಣಾ..."

ಎಳೆದು, ಉಸಿರು ಮುಗಿಯುವ ತನಕ ಕೂಗಿದಳು. ತೋಟದಲ್ಲಿ ಕುಕ್ಕೆ ಹೊತ್ತು ನಿಂತು ನುಂಗಿಕೊಂಡಿದ್ದ ಕೂಗು ಅದು. ನನ್ನವರು ಹೆಗಲ ಮೇಲಿನ ಟವೆಲ್ಲನ್ನು ಎಳೆದು ಮುಖ ಮುಚ್ಚಿಕೊಂಡರು.